ಹಳದಿ ಫಲಕದ ಕೆಳಗಿನ ಅಂಕಿ

ಬೇಸಿಗೆ ರಜೆಯಲ್ಲಿ ತಂಗಿಯ ಮಗಳನ್ನು ಮಂಗಳೂರಿನಿಂದ ಬೆಂಗಳೂರಿಗೆ ಹಗಲು ರೈಲಿನಲ್ಲಿ ಕರೆತಂದೆ. ಎಂಟನೇ ಕ್ಲಾಸು ಮುಗಿಸಿದ ಹುಡುಗಿ. ಕೈಯಲ್ಲಿ ದಪ್ಪನೆಯ ಜಿ.ಕೆ. ಪುಸ್ತಕ. ಮಂಗೋಲಿಯಾದ ರಾಜಧಾನಿ, ಜಗತ್ತಿನ ಉದ್ದದ ನದಿ, ಯಾವುದರಲ್ಲಿ ಯಾರು ಮೊದಲಿಗರು, ಎಲ್ಲ ಬಾಯಿಪಾಠ. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಬಂಟ್ವಾಳ ದಾಟುವಷ್ಟರಲ್ಲಿ ಕೇಳುವ ನನಗೂ ಹೇಳುವ ಅವಳಿಗೂ ಸಾಕಾಗಿತ್ತು. ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡಿದವಳು, ‘ದೊಡ್ಡಮ್ಮ, ಸ್ಟೇಷನ್ನಿನ ಹೆಸರಿನ ಕೆಳಗೆ ಅದೆಂತ ನಂಬರು?’ ಅಂದಳು.

ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಹೇಳುವ ಅಂಕಿ ಅದು. ನಾಲಿಗೆಯ ತುದಿಗೆ ಬಂದದ್ದನ್ನು ತಡೆದುಕೊಂಡು, ‘ಮುಂದಿನ ಸ್ಟೇಷನ್ನಿನದನ್ನೂ ಬರೆದುಕೋ, ಆಮೇಲೆ ನೀನೇ ಹೇಳು’ ಅಂದೆ. ಜಿ.ಕೆ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆಯತೊಡಗಿದಳು. ಮೂರು ಊರು ಕಳೆಯುವಷ್ಟರಲ್ಲಿ, ‘ಎತ್ತರವಾ?’ ಎಂದು ಕೇಳಿದಳು.

ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತಿತು. ಹಿಂದುಗಡೆ ಇನ್ನೊಂದು ಎಂಜಿನ್ ಜೋಡಿಸಿದರು. ಎದುರು ಸೀಟಿನಲ್ಲಿ ಕೂತಿದ್ದ ಹಿರಿಯರು ಹಳಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಲೆಕ್ಕವನ್ನು ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದವರು ಈಗ ಮಾತಿಗೆ ಬಂದರು. ‘ಇಲ್ಲಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್, 57 ಸುರಂಗ. ಐವತ್ತು ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ ಹತ್ತಬೇಕು ಮಗಾ. ಎಳೆಯೋದು ಮಾತ್ರ ಸಾಲಲ್ಲ, ಹಿಂದಿನಿಂದ ತಳ್ಳಲೂಬೇಕು.’ ಒಂದು ಕೈಯನ್ನು ಓರೆಯಾಗಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳನ್ನು ಅದರ ಮೇಲೆ ಹತ್ತಿಸಿ ತೋರಿಸಿದರು. ಹುಡುಗಿ ಸುರಂಗ ಎಣಿಸುತ್ತ ಹೋಗಿ ನಲವತ್ತರ ಹತ್ತಿರ ಲೆಕ್ಕ ತಪ್ಪಿಸಿಕೊಂಡಳು. ಸಕಲೇಶಪುರದ ಫಲಕದಲ್ಲಿ ಅಂಕಿ 900ರ ಆಸುಪಾಸಿಗೆ ಏರಿತ್ತು.

ನಿಜವಾದ ಪ್ರಶ್ನೆ ಬಂದದ್ದು ಮರುದಿನ ಬೆಳಿಗ್ಗೆ, ಬೆಂಗಳೂರಿನ ನಮ್ಮ ಮನೆಯ ನಲ್ಲಿಯ ಮುಂದೆ. ಹಲ್ಲುಜ್ಜುತ್ತಿದ್ದವಳು ಬ್ರಷ್ ಬಾಯಿಂದ ತೆಗೆದು, ‘ಇದು ಕಾವೇರಿ ನೀರು ಅಲ್ವಾ? ಬೆಂಗಳೂರೂ 900 ಮೀಟರಿಗಿಂತ ಮೇಲೆ ಉಂಟಲ್ಲ, ನದಿ ಇಷ್ಟು ಮೇಲೆ ಹೇಗೆ ಹತ್ತಿ ಬರ್ತದೆ?’ ಅಂದಳು. ಇಷ್ಟು ವರ್ಷ ಆ ನೀರು ಕುಡಿದೂ ಆ ಪ್ರಶ್ನೆಯನ್ನು ನಾನು ಇಷ್ಟು ನೇರವಾಗಿ ಕೇಳಿಕೊಂಡಿರಲಿಲ್ಲ.

ಅವತ್ತಿಡೀ ನಾವಿಬ್ಬರೂ ಅದರ ಬೆನ್ನು ಹತ್ತಿದೆವು. ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಪಶ್ಚಿಮಕ್ಕೆ ಇಳಿದು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ, ಇನ್ನೊಂದು ಪಾಲು ಪೂರ್ವಕ್ಕೆ ಇಳಿದು ದಕ್ಷಿಣ ಪಿನಾಕಿನಿಗೆ. ಊರೊಳಗೆ ದೊಡ್ಡ ಹೊಳೆಯಿಲ್ಲ. ಹಿಂದಿನವರು ಅಷ್ಟೊಂದು ಕೆರೆ ಕಟ್ಟಿದ್ದು ಅದಕ್ಕೇ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಸುಮಾರು 100 ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಎತ್ತಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ ಹತ್ತಿಸಿದ ನೀರು ಅದು. ಮಹಡಿಗೆ ಮೂರು ಮೀಟರಿನಂತೆ ಹುಡುಗಿ ಲೆಕ್ಕ ಹಾಕಿದಳು: ನೂರೈವತ್ತಕ್ಕೂ ಹೆಚ್ಚು ಮಹಡಿ! ಜಲಮಂಡಳಿಯ ಖರ್ಚಿನಲ್ಲಿ ಕರೆಂಟಿನ ಬಿಲ್ಲೇ ದೊಡ್ಡದೇಕೆ ಎಂದು ಆಮೇಲೆ ಯಾರೂ ಅವಳಿಗೆ ವಿವರಿಸಬೇಕಾಗಲಿಲ್ಲ.

ಸಾಮಾನ್ಯ ಜ್ಞಾನ ಬೆಳೆಸಿಕೊಳ್ಳುವುದು ಹೇಗೆ ಎಂದು ಓದುಗರು, ಅದರಲ್ಲೂ ಹೆತ್ತವರು, ಆಗಾಗ ಕೇಳುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು ಗೈಡು ಓದಲೇಬೇಕು. ಗ್ರಂಥಾಲಯದ ಬೆಂಚಿನಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂತು ಓದುವ ಹುಡುಗ ಹುಡುಗಿಯರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಒಂದಕ್ಕೊಂದು ನಂಟಿಲ್ಲದ ಸಾವಿರ ಉತ್ತರಗಳು ಪರೀಕ್ಷೆ ಮುಗಿದ ವಾರದಲ್ಲಿ ಉದುರಿಹೋಗುತ್ತವೆ. ಫಲಕದ ಅಂಕಿ ಘಟ್ಟಕ್ಕೆ, ಘಟ್ಟ ನದಿಗೆ, ನದಿ ನಲ್ಲಿಗೆ ಗಂಟು ಬಿದ್ದರೆ ಮಾತ್ರ ಅದು ತಲೆಯಲ್ಲಿ ನಿಲ್ಲುತ್ತದೆ. ಒಂದನ್ನು ಎಳೆದರೆ ಉಳಿದದ್ದೂ ಬರುತ್ತದೆ.

ಇದಕ್ಕೆ ಮನೆಯಲ್ಲಿ ನಾವು ಪಾಲಿಸುವ ಕ್ರಮ ಒಂದೇ. ಪ್ರಶ್ನೆ ಹುಟ್ಟಿದ ಕೂಡಲೇ ಫೋನ್ ತೆಗೆಯುವುದಿಲ್ಲ. ಮೊದಲು ಊಹಿಸಬೇಕು, ತಪ್ಪಾದರೂ ಸರಿ. ಆಮೇಲೆ ಆ ಕೆಲಸ ಬಲ್ಲ ಮನುಷ್ಯರೊಬ್ಬರನ್ನು ಕೇಳಬೇಕು. ಫೋನು, ಪುಸ್ತಕ ಕೊನೆಗೆ. ಊಹೆ ತಪ್ಪಿದಾಗ ಆಗುವ ಆ ಸಣ್ಣ ಅಚ್ಚರಿ ಇದೆಯಲ್ಲ, ಸರಿಯುತ್ತರ ಅಂಟಿಕೊಳ್ಳುವುದು ಅದರಿಂದಲೇ. ಕೇಳದೆಯೇ ಸಿಕ್ಕ ಉತ್ತರಕ್ಕೆ ಆ ಅಂಟು ಇರುವುದಿಲ್ಲ.

ವಸ್ತುಗಳಿಗೇನೂ ಬರವಿಲ್ಲ. ಜೇಬಿನ 50 ರೂಪಾಯಿ ನೋಟನ್ನೇ ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥ ಇದೆ. 10ರಲ್ಲಿ ಕೋನಾರ್ಕ, 20ರಲ್ಲಿ ಎಲ್ಲೋರ, 100ರಲ್ಲಿ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲ ಬಾವಿ, 200ರಲ್ಲಿ ಸಾಂಚಿ. ಪಕ್ಕದ ಪಟ್ಟಿಯಲ್ಲಿ 15 ಭಾಷೆಗಳು, ಕನ್ನಡ ನಾಲ್ಕನೆಯದು. ಯಾಕೆ ನಾಲ್ಕನೆಯದು? ಭಾಷೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ನೋಡಿ, ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಮ್ಮದು ಬರುತ್ತದೆ.

ನಮ್ಮಜ್ಜಿ ‘ಆರಿದ್ರೆ ಹುಟ್ಟಿತು, ಇನ್ನು ಕೊಡೆ ಬಿಡಬೇಡಿ’ ಅನ್ನುತ್ತಿದ್ದರು. ಅದು ಬರೀ ನಂಬಿಕೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ. 365ನ್ನು 27ರಿಂದ ಭಾಗಿಸಿದರೆ ಹದಿಮೂರೂವರೆ ದಿನ, ಒಂದು ಮಳೆ ನಕ್ಷತ್ರದ ಅವಧಿ ಅಷ್ಟೇ. ಅಕ್ಷರ ಬಾರದ ಅಜ್ಜಿಯ ಬಾಯಲ್ಲಿ ಸೌರ ಪಂಚಾಂಗವೇ ಇತ್ತು. ಅವರಿದ್ದಾಗ ಇನ್ನಷ್ಟು ಕೇಳಿಕೊಳ್ಳಲಿಲ್ಲವಲ್ಲ ಎಂಬ ಸಂಕಟ ನನಗಿದೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ.

ಆಸ್ತಿ ತೆರಿಗೆಯ ರಸೀದಿಯನ್ನೂ ಒಮ್ಮೆ ಓದಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಜೊತೆಗೆ ಶೇಕಡ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ದುಡ್ಡು ಕೊಟ್ಟಾಗಿದೆ, ಹೋಗುವುದಷ್ಟೇ ಬಾಕಿ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಅಂಥ ಪುಸ್ತಕ ಕಪಾಟಿನಲ್ಲೇ ಕೂತು ಧೂಳು ಹಿಡಿಯುವುದನ್ನು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ರಜೆ ಮುಗಿಸಿ ಊರಿಗೆ ಹೋದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ‘ದೊಡ್ಡಮ್ಮ, ಹಾಲಿನ ಪ್ಯಾಕೆಟಿನ ಮೇಲೆ ಟೋನ್ಡ್ ಅಂತ ಉಂಟಲ್ಲ, ಹಾಗಂದ್ರೆ ಎಂತ?’ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ತಡೆದಳು. ‘ಈಗಲೇ ಹೇಳ್ಬೇಡಿ. ನನ್ನದೊಂದು ಊಹೆ ಉಂಟು, ಅಮ್ಮನದು ಬೇರೆ. ಸಂಜೆ ಹಾಲಿನ ಅಂಗಡಿಯ ಅಣ್ಣನನ್ನು ಕೇಳಿ ಬಂದು ಮತ್ತೆ ಫೋನ್ ಮಾಡ್ತೇನೆ.’