ಶ್ರೀಶೈಲದ ಹಾದಿ: ಹಿಂದೆ ಬರುವವರ ಆರೋಗ್ಯವೂ ನಮ್ಮ ಹೊಣೆ

ಯುಗಾದಿ ಸಮೀಪಿಸಿದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳ ಸದ್ಭಕ್ತರು ಕಂಬಿ ಹೊತ್ತು, ಮಲ್ಲಯ್ಯನನ್ನು ನೆನೆಯುತ್ತ ಶ್ರೀಶೈಲದತ್ತ ಹೆಜ್ಜೆ ಹಾಕುತ್ತಾರೆ. ಅಕ್ಕಮಹಾದೇವಿಯವರು ನಡೆದುಹೋದ ಕ್ಷೇತ್ರಕ್ಕೆ ತಾವೂ ನಡೆದೇ ಹೋಗಬೇಕೆಂಬ ಹಂಬಲ ಮೆಚ್ಚತಕ್ಕದ್ದು. ಹೊಗೆಯುಗುಳದ ಪ್ರಯಾಣಗಳಲ್ಲಿ ಪಾದಯಾತ್ರೆಗೆ ಮಿಗಿಲಾದುದಿಲ್ಲ. ಆದರೆ ಸಾವಿರಾರು ಜನ ಒಂದೇ ಹಾದಿಯಲ್ಲಿ ಸಾಗುವಾಗ, ಮುಂದೆ ಹೋದವರು ಬಿಟ್ಟುದು ಹಿಂದೆ ಬರುವವರ ಆರೋಗ್ಯವನ್ನು ನಿರ್ಧರಿಸುತ್ತದೆ ಎಂಬುದನ್ನು ನಾವು ಮರೆಯುತ್ತಿದ್ದೇವೆ.

ಆತ್ಮಕೂರು ದಾಟಿದ ಮೇಲೆ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳದ ಮೂಲಕ ಸಾಗುವ ಕಾಲುದಾರಿಯು ನಲ್ಲಮಲ ಅರಣ್ಯದೊಳಗಿನದು. ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಚೆಂಚು ಸಮುದಾಯದವರು ತಲೆಮಾರುಗಳಿಂದ ಬಾಳುತ್ತಿರುವ ನೆಲ. ಬೇಸಿಗೆಯಲ್ಲಿ ಅಲ್ಲಿ ಉಳಿಯುವ ನೀರಿನ ತಾಣಗಳು ಕೆಲವೇ. ಅಂಥ ನೀರಿನ ಬಳಿಯೇ ಬಹಿರ್ದೆಸೆ ಮಾಡಿದರೆ, ಸೋಪು ಹಚ್ಚಿ ಬಟ್ಟೆ ಒಗೆದರೆ, ಉಳಿದ ಅನ್ನ ಸುರಿದರೆ, ಕೆಡುವುದು ಎಲ್ಲರ ನೀರು. ವಾಂತಿಭೇದಿ, ಕಾಲರಾ, ವಿಷಮಶೀತಜ್ವರಗಳು ಹರಡುವ ದಾರಿಯೇ ಮಲಿನವಾದ ನೀರು. ಪ್ಲಾಸ್ಟಿಕ್ ಚೀಲದಲ್ಲಿ ಎಸೆದ ಎಂಜಲನ್ನು ಜಿಂಕೆ, ದನಗಳು ಚೀಲಸಹಿತ ನುಂಗುತ್ತವೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿದು ಅವುಗಳ ಪ್ರಾಣಕ್ಕೆ ಎರವಾಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಹೊಣೆ ನಡೆಯುವವರದು ಮಾತ್ರವಲ್ಲ, ದಾಸೋಹ ನಡೆಸುವವರದೂ ಹೌದು. ದಾರಿಯುದ್ದಕ್ಕೂ ನೀರಿನ ಪಾಕೀಟು, ಮಜ್ಜಿಗೆಯ ಲೋಟ, ತಿಂಡಿಯ ತಟ್ಟೆಗಳನ್ನು ಭಕ್ತಿಯಿಂದ ನೀಡುತ್ತೇವೆ. ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಕಾಗದದ ಲೋಟವಾದರೆ ದೋಷವಿಲ್ಲವೆಂಬುದೂ ಪೂರ್ತಿ ನಿಜವಲ್ಲ. ಅದರ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪವಿರುತ್ತದೆ. ನೀಡಿದ ವಸ್ತುವಿನ ಶೇಷ ಎಲ್ಲಿಗೆ ಹೋಗುವುದೆಂಬುದನ್ನು ನೋಡಿಕೊಂಡಾಗಲೇ ದಾಸೋಹ ಪೂರ್ಣವೆಂಬುದು ನಮ್ಮ ಅಭಿಪ್ರಾಯ.

ಇಷ್ಟು ಜನರಿಗೆ ಲೋಟ ತೊಳೆದು ಕೊಡುವುದು ಹೇಗೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಒಂದೇ ಬಕೆಟ್ಟಿನ ನೀರಿನಲ್ಲಿ ನೂರಾರು ಲೋಟ ಅದ್ದಿ ತೆಗೆಯುವುದು ರೋಗಕ್ಕೆ ಆಹ್ವಾನ. ಆದ್ದರಿಂದ ಪ್ರತಿಯೊಬ್ಬ ಯಾತ್ರಿಕರೂ ಒಂದು ಸ್ಟೀಲ್ ಲೋಟ, ಒಂದು ತಟ್ಟೆ, ನೀರಿನ ಬಾಟಲಿಯನ್ನು ತಮ್ಮ ಚೀಲದಲ್ಲಿ ಒಯ್ಯಲಿ. ದಾಸೋಹಿಗಳು ಲೋಟ ಹಂಚುವ ಬದಲು ನಲ್ಲಿಯಿರುವ, ಮುಚ್ಚಿದ ಪಾತ್ರೆಗಳಲ್ಲಿ ಶುದ್ಧ ನೀರನ್ನಿಡಲಿ. ಮಜ್ಜಿಗೆಯನ್ನು ತಾಮ್ರ ಅಥವಾ ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿಡದೆ ಸ್ಟೀಲ್ ಪಾತ್ರೆಯಲ್ಲಿಡಲಿ. ತಟ್ಟೆಗೆ ಬದಲಾಗಿ ಮುತ್ತುಗದ ಪತ್ರಾವಳಿಯೂ ಆದೀತು. ಪ್ರತಿ ಸೇವಾಸ್ಥಳದಲ್ಲಿ ಕಸ ಕಟ್ಟಿ ಊರಿಗೆ ಮರಳಿ ತರಲು ಇಬ್ಬರನ್ನಾದರೂ ನೇಮಿಸಲಿ. ಅದೂ ಕಾಯಕವೇ.

ಯಾತ್ರಿಕರು ಪಾಲಿಸಬೇಕಾದವು ಇನ್ನೂ ಕೆಲವಿವೆ. ಶೌಚಾಲಯವಿಲ್ಲದೆಡೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಗೇಣುದ್ದದ ಕುಳಿ ತೋಡಿ, ಬಳಿಕ ಮಣ್ಣು ಮುಚ್ಚಬೇಕು. ಒಣಗಿದ ಕಾಡಿನಲ್ಲಿ ಒಲೆ ಹೂಡುವುದು, ಬೀಡಿ ಸೇದಿ ಎಸೆಯುವುದು ಸಲ್ಲದು. ಹಳ್ಳದ ನೀರನ್ನು ಹಾಗೆಯೇ ಕುಡಿಯಬಾರದು. ಬಿಸಿಲೇರಿದಾಗ ನೆರಳಿನಲ್ಲಿ ತಂಗಿ, ಬೆಳಿಗ್ಗೆ ಮತ್ತು ಸಂಜೆಯ ಹೊತ್ತು ಗುಂಪಾಗಿ ನಡೆಯಬೇಕು. ಭೇದಿಯಾದವರಿಗೆ ಓಆರ್‌ಎಸ್ ಕೊಡಬೇಕು. ದೊರೆಯದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ, ಬೇಗನೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮರಳುವಾಗ ಮನೆಗೊಂದು ಕಾರು ತರಿಸುವ ಬದಲು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಕೂಡಿ ಬರುವುದು ಲೇಸು.

ಸ್ವಚ್ಛತೆ ಸರ್ಕಾರದ ಕೆಲಸವೆನ್ನುವವರಿದ್ದಾರೆ. ಸರ್ಕಾರದ ಕರ್ತವ್ಯ ಇದ್ದೇ ಇದೆ. ಆದರೆ ದಟ್ಟ ಅಡವಿಯ ಕಾಲುದಾರಿಗೆ ಕಸದ ಗಾಡಿ ಬರಲಾರದು. ಅಲ್ಲಿಗೆ ಹೊತ್ತೊಯ್ದವರೇ ಹೊತ್ತು ತರಬೇಕು. ಈ ಯುಗಾದಿಗೆ ಹೊರಡುವ ಪ್ರತಿಯೊಂದು ಊರಿನ ಪಾದಯಾತ್ರಾ ಬಳಗವೂ ಹೊರಡುವ ಮುನ್ನ ಒಂದೆಡೆ ಸೇರಿ, ಲೋಟ ಯಾರು ತರಬೇಕು, ಕಸ ಯಾರು ಹೊರಬೇಕು ಎಂಬುದನ್ನು ಗೊತ್ತುಪಡಿಸಿಕೊಳ್ಳಲೆಂದು ನಾವು ಕೇಳಿಕೊಳ್ಳುತ್ತೇವೆ.