ತಂತಿಯ ಬೆಲೆ ನಾಲ್ಕು ಸಾವಿರ, ನೀರಿನ ಬೆಲೆ ಎಷ್ಟು?

ನಮ್ಮ ರೈತರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಅಪರೂಪ. ಹತ್ತಬೇಕಾಗಿ ಬಂದರೂ ಹೆಚ್ಚಿನವರ ದೂರು ದೊಡ್ಡದಾಗಿರುವುದಿಲ್ಲ. ಇಪ್ಪತ್ತು ತೆಂಗಿನಕಾಯಿ, ಎರಡು ಬಾಳೆಗೊನೆ, ಒಂದು ಸ್ಟಾರ್ಟರ್, ಕೊಳವೆಬಾವಿಯ ಕೆಲವು ಮೀಟರ್ ತಂತಿ. ಕಾನೂನಿನ ಕಣ್ಣಿಗೆ ಇವು ಸಣ್ಣ ಅಪರಾಧಗಳು. ಆದರೆ ಬೇಸಾಯಗಾರನಿಗೂ ಇವು ಸಣ್ಣವೇ?

ಕಳೆದ ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿಯ ತಾಮ್ರದ ತಂತಿಯನ್ನು ಯಾರೋ ರಾತ್ರಿ ಕತ್ತರಿಸಿಕೊಂಡು ಹೋದರು. ಅದರ ಬೆಲೆ ಸುಮಾರು 4,000 ರೂಪಾಯಿ. ಹೊಸ ತಂತಿ ತಂದು, ರಿಪೇರಿಯವನನ್ನು ಹುಡುಕಿ, ಪಂಪು ಮತ್ತೆ ತಿರುಗುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು. ಎರಡು ಎಕರೆ ನೆಲಗಡಲೆ ಆಗ ಕಾಯಿ ಕಟ್ಟುವ ಹಂತದಲ್ಲಿತ್ತು. ಆ ಹಂತದಲ್ಲಿ ನೀರು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಠಾಣೆಯಲ್ಲಿ ಸಿಕ್ಕ ಉತ್ತರ ಮಾತ್ರ ಒಂದೇ ಸಾಲಿನದು: "ಐದು ಸಾವಿರದ ಒಳಗಿನ ಕಳವು, ನಾವಾಗಿ ತನಿಖೆ ಮಾಡುವಂತಿಲ್ಲ."

ಕಾನೂನು ಹೇಳುವುದೇನು?

ನಮ್ಮ ಕಾನೂನು ಅಪರಾಧಗಳನ್ನು ಮುಖ್ಯವಾಗಿ ಎರಡು ಗುಂಪು ಮಾಡಿದೆ. ಪೊಲೀಸರು ತಾವೇ ಪ್ರಕರಣ ದಾಖಲಿಸಿ ತನಿಖೆ ನಡೆಸಬಹುದಾದವು ಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡಲಾಗದವು ಅಸಂಜ್ಞೇಯ ಅಪರಾಧಗಳು. 1860ರ ದಂಡ ಸಂಹಿತೆ ಜಾರಿಯಲ್ಲಿದ್ದಷ್ಟು ಕಾಲ ಕಳವು ಎಷ್ಟೇ ಚಿಕ್ಕದಿರಲಿ, ಮೊದಲ ಗುಂಪಿನಲ್ಲೇ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅಲ್ಲಿ ಒಂದು ಗೆರೆ ಎಳೆಯಿತು.

ಅದರ 303ನೆಯ ಕಲಮಿನ ಪ್ರಕಾರ ಕಳವಿಗೆ ಮೂರು ವರ್ಷದವರೆಗೆ ಸಜೆ ಇದೆ. ಆದರೆ ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ಕದ್ದವನಿಗೆ ಇದೇ ಮೊದಲ ಶಿಕ್ಷೆಯಾಗಿದ್ದು, ಅವನು ಮಾಲನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂತಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ ಮಾತ್ರ. ಇಂತಹ ಕಳವನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೆ ಸೇರಿಸಲಾಗಿದೆ.

ಈ ಕರುಣೆಯನ್ನು ನಾನು ವಿರೋಧಿಸುವುದಿಲ್ಲ. ಹಸಿದು ನಾಲ್ಕು ಎಳನೀರು ಕಿತ್ತ ಹುಡುಗನನ್ನು ಜೈಲಿಗೆ ಕಳುಹಿಸಿದರೆ ಅವನು ಅಲ್ಲಿ ದೊಡ್ಡ ಕಳವನ್ನು ಕಲಿತು ಬಂದಾನು. ಅದಕ್ಕಿಂತ ಊರಿನ ಕೆರೆಯ ಹೂಳೆತ್ತುವ ಕೆಲಸಕ್ಕೆ ಹಚ್ಚುವುದು ಮೇಲು. ನನ್ನ ತಕರಾರು ಶಿಕ್ಷೆಯ ಬಗ್ಗೆ ಅಲ್ಲ, ದೂರನ್ನು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸುವ ಬಗ್ಗೆ.

ತಕ್ಕಡಿ ಎಲ್ಲಿ ತಪ್ಪಿದೆ?

ಮೊದಲನೆಯದಾಗಿ, ಈ ರಿಯಾಯಿತಿಗೆ ಮೂರು ಷರತ್ತುಗಳಿವೆ. ಕಳ್ಳ ಯಾರೆಂದೇ ಗೊತ್ತಿಲ್ಲದ ದಿನ ಅವನು ಹೊಸಬನೋ ಹಳಬನೋ, ಮಾಲು ಹಿಂತಿರುಗಿಸುವನೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಎರಡನೆಯ ಸಲ ತಪ್ಪಿತಸ್ಥನಾದವನಿಗೆ ಇದೇ ಕಲಮು ಒಂದರಿಂದ ಐದು ವರ್ಷದ ಕಠಿಣ ಸಜೆ ವಿಧಿಸುತ್ತದೆ. ಊರಿಂದೂರಿಗೆ ತಂತಿ ಕತ್ತರಿಸುತ್ತ ಹೋಗುವವನು ತನಿಖೆಯೇ ಇಲ್ಲದಿದ್ದರೆ ಎಂದೆಂದಿಗೂ "ಮೊದಲ ಸಲದವನು" ಆಗಿಯೇ ಉಳಿಯುತ್ತಾನೆ.

ಎರಡನೆಯದು ಇನ್ನೂ ಮುಖ್ಯ. ಕಾನೂನು ಎಲ್ಲ ಕಡೆಯೂ ರೂಪಾಯಿಯಿಂದಲೇ ಅಳೆಯುವುದಿಲ್ಲ. ಬೇಸಾಯಕ್ಕೆ ಒದಗುವ ನೀರು ಕಡಿಮೆಯಾಗುತ್ತದೆಂದು ತಿಳಿದೂ ಹಾನಿ ಮಾಡುವವನಿಗೆ ಅದೇ ಸಂಹಿತೆಯ 326ನೆಯ ಕಲಮು ಐದು ವರ್ಷದವರೆಗೆ ಸಜೆ ಇಟ್ಟಿದೆ. ಅದು ಸಂಜ್ಞೇಯ ಅಪರಾಧ. ಅಲ್ಲಿ 5,000 ರೂಪಾಯಿಯ ಗೆರೆ ಇಲ್ಲ. ಪಂಪಿನ ತಂತಿ ಕತ್ತರಿಸುವವನಿಗೆ ಹೊಲಕ್ಕೆ ನೀರು ನಿಲ್ಲುತ್ತದೆಂದು ಗೊತ್ತಿಲ್ಲವೇ? ತಂತಿ ಕಡಿದು ಕದ್ದದ್ದನ್ನು ಬರೀ ಕಳವು ಎನ್ನದೆ ನೀರು ತಪ್ಪಿಸಿದ ಹಾನಿಯೆಂದೂ ನೋಡುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ಒಂದೇ ಪ್ರಕರಣದಲ್ಲಿ ಒಂದು ಅಪರಾಧ ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣವನ್ನು ಸಂಜ್ಞೇಯವೆಂದೇ ಎಣಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೆಯ ಕಲಮು ಹೇಳುತ್ತದೆ.

ನಾನು ಮಾಡಿದ ತಪ್ಪೂ ಇಲ್ಲೇ. ದೂರಿನಲ್ಲಿ ತಂತಿಯ ಅಳತೆ, ಬೆಲೆ ಬರೆದೆ. ಒಣಗುತ್ತಿದ್ದ ನೆಲಗಡಲೆಯನ್ನು ಬರೆಯಲಿಲ್ಲ.

ರೈತರು ಗಮನಿಸಬೇಕಾದ ಅಂಶಗಳು

1. ದೂರನ್ನು ಬರಹದಲ್ಲೇ ಕೊಡಿ. ಕಳವಾದ ವಸ್ತು, ಇಂದಿನ ಬೆಲೆ, ಜೊತೆಗೆ ಮುರಿದ ಪೆಟ್ಟಿಗೆ, ಒಡೆದ ಪೈಪು, ನೀರು ನಿಂತ ದಿನ, ಬೆಳೆ ಮತ್ತು ಅದರ ಹಂತ, ಎಲ್ಲವನ್ನೂ ಕಾಣಿಸಿ. ಇಲ್ಲದ ನಷ್ಟವನ್ನು ಸೇರಿಸಬೇಡಿ.

2. ಮಾಲು ಕಳವಾದದ್ದು ಉಗ್ರಾಣದಂತಹ, ಸ್ವತ್ತು ಕಾಪಾಡಲು ಬಳಸುವ ಕಟ್ಟಡದಿಂದಲಾದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ. ಅದಕ್ಕೆ 305ನೆಯ ಕಲಮು ಬೇರೆಯೇ ಇದೆ. ಸಜೆ ಏಳು ವರ್ಷದವರೆಗೆ.

3. ಮರದಲ್ಲಿರುವ ಅಡಿಕೆ ಗೊನೆಯೂ ಕೊಯ್ದ ಕ್ಷಣದಿಂದ ಕಳವಿನ ಮಾಲೇ. "ಮರದ ಮೇಲಿದ್ದದ್ದು" ಎಂಬ ಮಾತಿಗೆ ಹಿಂಜರಿಯಬೇಡಿ.

4. ಅಸಂಜ್ಞೇಯ ಎಂದರೂ ಠಾಣೆಯವರು ದೂರಿನ ಸಾರಾಂಶವನ್ನು ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಲು ತಿಳಿಸಬೇಕು. ಬರೆದುಕೊಳ್ಳದೆ ಕಳುಹಿಸುವಂತಿಲ್ಲ. ಪ್ರಥಮ ವರ್ತಮಾನ ವರದಿ ದಾಖಲಾದರೆ ಅದರ ನಕಲನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು. ಸಂಜ್ಞೇಯ ಅಪರಾಧವಿದ್ದೂ ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆಯಬಹುದು.

5. ಸಿಕ್ಕವನನ್ನು ಮರಕ್ಕೆ ಕಟ್ಟಿ ಹೊಡೆಯುವುದು ಬೇಡವೇ ಬೇಡ. ಹೊಡೆದು ನೋಯಿಸಿದ್ದಕ್ಕೆ ಒಂದು ವರ್ಷದವರೆಗೆ ಸಜೆ ಇದೆ. ಕಳ್ಳ ಕೆರೆಯ ಹೂಳೆತ್ತಿ ಮನೆಗೆ ಹೋದಾನು, ತೋಟದ ಯಜಮಾನ ಜೈಲು ಕಂಡಾನು.

ಕೊನೆಯ ಮಾತು

ಅಪರಾಧಗಳನ್ನು ಚಿಕ್ಕದು ದೊಡ್ಡದು ಎಂದು ವಿಂಗಡಿಸಲೇಬೇಕು. ಎಲ್ಲಕ್ಕೂ ಒಂದೇ ಶಿಕ್ಷೆ ಎಂಬುದು ನ್ಯಾಯವಲ್ಲ. ಆದರೆ ಬೇಸಾಯದಲ್ಲಿ ವಸ್ತುವಿನ ಬೆಲೆ ಬೇರೆ, ಹೊತ್ತಿನ ಬೆಲೆ ಬೇರೆ. ಮಾಘದಲ್ಲಿ ಕಳೆದುಹೋದ ಸ್ಟಾರ್ಟರಿಗೂ ಬಿತ್ತನೆಯ ಮುನ್ನಾದಿನ ಕಳೆದುಹೋದ ಬೀಜದ ಚೀಲಕ್ಕೂ ಅಂಗಡಿಯ ರಸೀದಿ ಪೂರ್ತಿ ಲೆಕ್ಕ ಹೇಳದು. ಆ ಲೆಕ್ಕವನ್ನು ಠಾಣೆಯ ಅಧಿಕಾರಿಗಳು ತಿಳಿಯಬೇಕಾದರೆ ಮೊದಲು ನಾವು ಅದನ್ನು ಕಾಗದದ ಮೇಲೆ ಬರೆಯಬೇಕು. ಗ್ರಾಮಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ. ಒಬ್ಬನ ತಂತಿ ಹೋದಾಗ ನೆರೆಯವರೂ ಜೊತೆಗೆ ಠಾಣೆಗೆ ನಡೆಯಲಿ.