ಐವತ್ತೆರಡರಲ್ಲಿ ಹದಿನೇಳು ಹೋದರೆ

ಕಳೆದ ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ರಣರಂಗವೇ ಏರ್ಪಟ್ಟಿತ್ತು. ಒಂದು ಪಕ್ಷದಲ್ಲಿ ನನ್ನ ಮಗ. ಇನ್ನೊಂದು ಪಕ್ಷದಲ್ಲಿ ಎರಡನೆಯ ತರಗತಿಯಲ್ಲಿ ಓದುತ್ತಿರುವ ಅವನ ಮಗಳು. ನಡುವೆ ಒಂದು ನೋಟುಪುಸ್ತಕ. ಅದರಲ್ಲಿ ಐವತ್ತೆರಡರಿಂದ ಹದಿನೇಳನ್ನು ಕಳೆಯುವ ಲೆಕ್ಕ. ಮಗು ಬರೆದ ಉತ್ತರ 45. ಅಳಿಸಿ ಮತ್ತೆ ಮಾಡೆಂದ. ಮತ್ತೆ 45. ಮೂರನೆಯ ಸಲವೂ ಅದೇ ಉತ್ತರ ಬಂದಾಗ ಮಗನ ಸ್ವರ ಏರಿತು: “ತಲೆಯಲ್ಲಿ ಏನು ತುಂಬಿಕೊಂಡಿದ್ದೀಯೆ?”

ಮಗುವಿನ ತುಟಿ ನಡುಗಿತು. ಪೆನ್ಸಿಲು ಕೈಯಿಂದ ಜಾರಿತು.

ವಾಚಕರೇ, ಆ ಮಾತು ನನಗೆ ಚಿರಪರಿಚಿತ. ಮೂವತ್ತು ವರ್ಷಗಳ ಹಿಂದೆ ಅದನ್ನೇ, ಅದೇ ಸ್ವರದಲ್ಲಿ, ಅವನಿಗೆ ಹೇಳಿದವನು ನಾನೇ. ಮಾತಿನ ಜೊತೆಗೆ ಒಂದು ಏಟನ್ನೂ ಕೊಟ್ಟಿದ್ದೆ. ಅಂದು ಅವನಿಗೆ ಲೆಕ್ಕ ಬಂದಿತೋ ಇಲ್ಲವೋ ನೆನಪಿಲ್ಲ. ಅಂದಿನಿಂದ ಅವನು ಲೆಕ್ಕದ ಪುಸ್ತಕವನ್ನು ನನ್ನೆದುರು ತೆರೆಯಲಿಲ್ಲವೆಂಬುದು ಮಾತ್ರ ಚೆನ್ನಾಗಿ ನೆನಪಿದೆ.

ನಾನು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, “ಇದನ್ನು ಹೇಗೆ ಮಾಡಿದೆ, ಪುಟ್ಟಿ?” ಎಂದು ಕೇಳಿದೆ. “ಎರಡರಲ್ಲಿ ಏಳು ಹೋಗೋದಿಲ್ಲ ತಾತ. ಅದಕ್ಕೇ ಏಳರಲ್ಲಿ ಎರಡು ಕಳೆದೆ” ಎಂದಳು. ನೋಡಿ! ಇದರಲ್ಲಿ ದಡ್ಡತನವೆಲ್ಲಿದೆ? ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಹಿಂದಿನ ವರ್ಷ ಕಲಿತ ನಿಯಮವನ್ನು ಮಗು ಶ್ರದ್ಧೆಯಿಂದ ಇಲ್ಲಿಗೂ ಅನ್ವಯಿಸಿದೆ. ಮೂರು ಸಲವೂ ಒಂದೇ ಉತ್ತರ ಬಂದುದಕ್ಕೆ ಕಾರಣ ಅದೇ. ಇದು ಎಳೆಯ ಮಕ್ಕಳಲ್ಲಿ ಸರ್ವೇಸಾಮಾನ್ಯವಾದ ತಪ್ಪು. ಅನುಭವಸ್ಥ ಉಪಾಧ್ಯಾಯರೆಲ್ಲ ಬಲ್ಲರು. ಏಳೆಂಟು ವರ್ಷದ ಮಗು ಕಲಿಯುತ್ತಿರುವುದು ಬರಿಯ ಕಳೆಯುವ ಲೆಕ್ಕವನ್ನಲ್ಲ. 52 ಎಂದರೆ ಐದು ಹತ್ತುಗಳು ಮತ್ತು ಎರಡು ಬಿಡಿಗಳು ಎಂಬ ಬಹು ದೊಡ್ಡ ಸಂಗತಿಯನ್ನು. ಅದು ಮನಸ್ಸಿನಲ್ಲಿ ನಿಲ್ಲುವವರೆಗೆ ಎಷ್ಟು ಸಲ ಅಳಿಸಿ ಬರೆಸಿದರೂ ವ್ಯರ್ಥ.

ನನ್ನಾಕೆ ಒಳಗಿನಿಂದ ಹೊಸ ಪೊರಕೆಯ ಕಡ್ಡಿಗಳನ್ನು ಮುರಿದು ತಂದಳು. ಹತ್ತು ಹತ್ತರಂತೆ ಐದು ಕಟ್ಟು ಕಟ್ಟಿ, ಎರಡನ್ನು ಬಿಡಿಯಾಗಿ ಇಟ್ಟು, “ಎಲ್ಲಿ, ನನಗೆ ಹದಿನೇಳು ಕಡ್ಡಿ ಕೊಡು” ಎಂದಳು. ಮಗು ಒಂದು ಕಟ್ಟು ಕೊಟ್ಟಿತು. ಎರಡು ಬಿಡಿಗಳನ್ನೂ ಕೊಟ್ಟಿತು. ಇನ್ನೂ ಐದು ಬೇಕು! ಕ್ಷಣಕಾಲ ಯೋಚಿಸಿ, “ಅಜ್ಜಿ, ಒಂದು ಕಟ್ಟು ಬಿಚ್ಚಲಾ?” ಎಂದಿತು. ಬಿಚ್ಚಿ ಐದು ಕಡ್ಡಿ ಎಣಿಸಿ ಕೊಟ್ಟಾಗ ಉಳಿದುದು ಮೂರು ಕಟ್ಟು, ಐದು ಬಿಡಿ. ಮೂವತ್ತೈದು! ಯಾರೂ ಹೇಳಿಕೊಡಲಿಲ್ಲ, ಮಗುವೇ ಕಂಡುಕೊಂಡಿತು. ನಮ್ಮ ಕಾಲದಲ್ಲಿ ಇದನ್ನು ‘ಪಕ್ಕದ ಮನೆಯಿಂದ ಸಾಲ ತರುವುದು’ ಎಂದು ಕಲಿಸುತ್ತಿದ್ದರು. ಆ ಸಾಲವನ್ನು ಯಾರು ಯಾವಾಗ ತೀರಿಸಿದರೆಂದು ನನಗೆ ಇಂದಿಗೂ ತಿಳಿಯದು.

ಕಲಿಸುವ ರೀತಿ ಈಗ ಬಹಳ ಬದಲಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಅಕ್ಷರಗಳನ್ನು ‘ಅ, ಆ’ ಎಂಬ ಕ್ರಮದಲ್ಲಿ ಹೇಳಿಕೊಡುವುದಿಲ್ಲ. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರದ ಅಕ್ಷರಗಳು ಮೊದಲು ಬರುತ್ತವೆ. ಇದನ್ನರಿಯದ ತಂದೆತಾಯಿಗಳು, “ಆರು ತಿಂಗಳಾದರೂ ವರ್ಣಮಾಲೆ ಬಾರದು” ಎಂದು ಗೊಣಗುತ್ತಾರೆ. ಅದೇ ಮಗು ಅಷ್ಟರಲ್ಲಿ ‘ಸರ’, ‘ಗರಗಸ’ ಎಂದು ಓದುತ್ತಿರುತ್ತದೆ! ಮೂರನೆಯ ತರಗತಿ ಮುಗಿಯುವ ವೇಳೆಗೆ ಪ್ರತಿಯೊಂದು ಮಗುವೂ ಅರ್ಥ ತಿಳಿದು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬುದೇ 2021ರ ಜುಲೈನಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ನಿಪುಣ ಭಾರತ’ ಯೋಜನೆಯ ಗುರಿ. ಅದಕ್ಕೆ ಮೂರು ವರ್ಷಗಳ ಅವಕಾಶವಿದೆ; ನಾವು ಮೂರು ನಿಮಿಷಗಳನ್ನೂ ಕೊಡುವುದಿಲ್ಲ.

ಓದಿನ ಮಾತೂ ಅಷ್ಟೇ. ‘ಪುಸ್ತಕ’ವನ್ನು ‘ಪುಸತಕ’ ಎಂದೂ, ‘ಸೂರ್ಯ’ನನ್ನು ‘ಸೂಯ್ರ’ ಎಂದೂ ಮಗು ಓದಿದರೆ ನಗಬೇಡಿ. ಒತ್ತಕ್ಷರ ಕೆಳಗೆ ಬರೆದರೂ ನಂತರ ಉಚ್ಚರಿಸಬೇಕು. ಅರ್ಕಾವೊತ್ತನ್ನು ನಂತರ ಬರೆದರೂ ಮೊದಲು ಉಚ್ಚರಿಸಬೇಕು. ಇದು ಹೊಸಬರಿಗೆ ಒಗಟೇ ಸರಿ. ನೀವು ನಿಧಾನವಾಗಿ ಸರಿಯಾಗಿ ಓದಿ ತೋರಿಸಿದರೆ ಸಾಕು. ರಾತ್ರಿ ಮಲಗುವ ಮುನ್ನ ಕಾಲು ಗಂಟೆ ಒಂದು ಕಥೆ ಓದಿ ಹೇಳಿ. ಅಂಗಡಿಯ ಫಲಕ, ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಯಾವುದಾದರೂ ಸರಿ, ಮಗು ಓದಲಿ. ಕಾಯಿಪಲ್ಲೆ ಕೊಂಡಾಗ ಚಿಲ್ಲರೆಯನ್ನು ಅದೇ ಎಣಿಸಲಿ. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮವಿದ್ದರೂ ಮನೆಯಲ್ಲಿ ಮನೆಮಾತಿನಲ್ಲೇ ವಿವರಿಸಿ. ಅರ್ಥವಾದುದನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದು ಕಷ್ಟವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಉತ್ತರ ತಪ್ಪಾದಾಗ “ತಪ್ಪು” ಎನ್ನುವ ಮೊದಲು “ಹೇಗೆ ಮಾಡಿದೆ?” ಎಂದು ಕೇಳಿ.

ಎರಡನೆಯ ತರಗತಿಯವರೆಗೆ ಮಕ್ಕಳಿಗೆ ಹೋಂವರ್ಕ್ ಬೇಡವೆಂದು 2020ರ ಶಾಲಾ ಚೀಲದ ನೀತಿ ಹೇಳಿದೆ. ಅಂದಿನ ಲೆಕ್ಕವೂ ಶಾಲೆಯವರು ಕೊಟ್ಟುದಲ್ಲ. ತಂದೆಯ ಉತ್ಸಾಹದ ಫಲ. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಆ ವಿಧಿ ನಮ್ಮ ನಡುಮನೆಯವರೆಗೆ ಬಂದಿಲ್ಲ. ಅಲ್ಲಿಗೆ ನಾವೇ ಕಾಯಿದೆ ಮಾಡಿಕೊಳ್ಳಬೇಕು.

ಅಂದು ಮಗ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಮಗು ಕಡ್ಡಿಗಳನ್ನು ಬಾಚಿಕೊಂಡು ಒಳಗೆ ಓಡಿದ ಮೇಲೆ, “ಅಪ್ಪಾ, ಆಗ ನಮ್ಮ ಮನೆಯಲ್ಲಿ ಪೊರಕೆ ಇರಲಿಲ್ಲವೇ?” ಎಂದು ಕೇಳಿದ. ನಗುತ್ತಲೇ ಕೇಳಿದನೆನ್ನಿ.

“ಇತ್ತಪ್ಪ. ನನಗೆ ಬುದ್ಧಿ ಇರಲಿಲ್ಲ” ಎಂದೆ.

ಸಂಜೆ ನೋಡುತ್ತೇನೆ, ತಂದೆ ಮಗಳಿಬ್ಬರೂ ನೆಲದ ಮೇಲೆ ಕುಳಿತು ಅರವತ್ತಮೂರರಲ್ಲಿ ಇಪ್ಪತ್ತೆಂಟನ್ನು ಕಳೆಯುತ್ತಿದ್ದರು. ಸುತ್ತಲೂ ಕಡ್ಡಿಗಳ ರಾಶಿ. ನಮ್ಮಾಕೆಯ ಹೊಸ ಪೊರಕೆ ಅರ್ಧವಾಗಿತ್ತು.